ಶನಿವಾರದವರ ಬಾಗಿಲು

ನಮ್ಮ ಸೀಮೆಯ ಇತಿಹಾಸವನ್ನು ಒಂದೇ ದಪ್ಪ ಪುಸ್ತಕದಲ್ಲಿ ಕಟ್ಟಿಹಾಕಬೇಕೆಂದು ಕಳೆದ ವರ್ಷ ಒಂದು ಸಮಿತಿ ಹುಟ್ಟಿತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಐದೂ ಊರಿನಿಂದ ಒಬ್ಬೊಬ್ಬರು. ನನ್ನನ್ನು ಬಿಟ್ಟರೆ ಎಲ್ಲರೂ ನಿವೃತ್ತರು. ನಮ್ಮ ಕಡೆ ನಿವೃತ್ತಿಯಾದ ಗಂಡಸಿಗೆ ಬರುವ ರೋಗ ಎರಡು, ಒಂದು ಸಕ್ಕರೆ, ಇನ್ನೊಂದು ಇತಿಹಾಸ. ಅಧ್ಯಕ್ಷರಿಗೆ ಎರಡೂ ಬಂದಿದ್ದವು. ಸೇಡಂ ಕಡೆಯ ನಿವೃತ್ತ ಹೆಡ್‌ಮಾಸ್ತರರು. ಮಾತಿಗೆ ಮುಂಚೆ ಮೂರು ಸಲ ಕೆಮ್ಮಿ, "ಐತಿಹಾಸಿಕವಾಗಿ ನೋಡಿದರ" ಎಂದು ಶುರು ಮಾಡುವರು. ಚಹಾಕ್ಕೆ ಸಕ್ಕರೆ ಬೇಡ ಎನ್ನುವಾಗಲೂ ಅದೇ ಕೆಮ್ಮು, ಅದೇ ಪೀಠಿಕೆ. ಆ ಕೆಮ್ಮನ್ನು ನಾನು ಅವರಿಗಿಂತ ಚೆನ್ನಾಗಿ ಕೆಮ್ಮುತ್ತೇನೆ. ವಾಡಿ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ನನಗೆ ಪುಕ್ಕಟೆ ಚಹಾ ಸಿಗುವುದು ಅದರಿಂದಲೇ.

ನನ್ನನ್ನು ಸಮಿತಿಗೆ ಸೇರಿಸಿಕೊಂಡದ್ದು ವಾಡಿಯಿಂದ ಬೇರೆ ಯಾರೂ ಬರಲೊಪ್ಪದ ಕಾರಣಕ್ಕೆ. ಒಂದು ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಯಾವಾಗ ಎದ್ದು ಹೋಗುತ್ತಾನೋ ಎಂದು ಎಲ್ಲರೂ ಕಾಯುವ ಮನುಷ್ಯ. ಅಧ್ಯಾಯ ಹಂಚುವ ದಿನ ರಾಜಮನೆತನಗಳೆಲ್ಲ ಹಿರಿಯರ ಪಾಲಾದವು. ನನ್ನ ಪಾಲಿಗೆ 'ಇತರೆ ಸಣ್ಣ ಸಮುದಾಯಗಳು' ಉಳಿಯಿತು.

"ತಮ್ಮಾ, ನಿಮ್ಮ ವಾಡ್ಯಾಗ ಯಹೂದಿ ಮಂದಿ ಇದ್ರಂತಲ್ಲ," ಎಂದರು ಅಧ್ಯಕ್ಷರು. "ಐತಿಹಾಸಿಕವಾಗಿ ನೋಡಿದರ ಅದೂ ಒಂದು ಇರಲಿ. ಎರಡು ಪುಟ ಬರಿ. ಭಾಳ ಉದ್ದ ಬ್ಯಾಡ."

"ಎರಡೇ ಪುಟ ಯಾಕ್ರಿ ಸರ್?"

"ಇದ್ದದ್ದೇ ಎಂಟು ಮನಿ. ಪುಟಕ್ಕ ನಾಕು ಮನಿ. ಸಾಲಂಗಿಲ್ಲೇನು?"

ಇತಿಹಾಸವನ್ನು ಹೀಗೆ ಸೈಟು ಹಂಚಿದಂತೆ ಹಂಚುವುದನ್ನು ನಾನು ಮೊದಲ ಸಲ ನೋಡಿದೆ.

ವಾಡಿಯ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಅದು ಜಂಕ್ಷನ್. ಅಲ್ಲಿ ಹುಟ್ಟಿದವರಿಗಿಂತ ಇಳಿದವರು ಹೆಚ್ಚು. ನಮ್ಮಲ್ಲಿ ಮೂಲನಿವಾಸಿ ಎಂದರೆ ನಿಮ್ಮ ಮುತ್ತಜ್ಜನಿಗಿಂತ ಒಂದು ಗಾಡಿ ಮೊದಲು ಇಳಿದವನ ಮರಿಮಗ. ಆ ಒಂದು ಗಾಡಿಯ ಜಂಬ ಮೂರು ತಲೆಮಾರು ನಡೆಯುತ್ತದೆ. ಉಳಿದಂತೆ ಸಿಮೆಂಟಿನ ಧೂಳು, ಬಿಸಿಲು, ಊರ ಹೊರಗೆ ಸಿಗ್ನಲ್ ಸಿಗದೆ ನಿಂತ ಗಾಡಿಗಳು. ಆ ಜಾಗಕ್ಕೆ ಔಟರ್ ಎನ್ನುತ್ತೇವೆ. ನಮ್ಮೂರಿನ ಒಬ್ಬ ಗಂಡಸು ಜೀವನದಲ್ಲಿ ಎಷ್ಟು ದಿನ ಔಟರಿನಲ್ಲಿ ಕೂತು ಕಳೆದಿದ್ದಾನೆಂದು ಕೂಡಿಸಿದರೆ ಅವನು ಸನ್ಯಾಸಿಯಾಗಲು ಬೇಕಾದಷ್ಟು ಆಗುತ್ತದೆ. ಆದರೆ ಆಗುವುದಿಲ್ಲ, ಗಾಡಿ ಬಿಟ್ಟ ಕೂಡಲೇ ಮತ್ತೆ ಸೀಟಿಗೆ ಜಗಳ.

ಆ ಯಹೂದಿಗಳು ಯಾರೆಂದರೆ, ಅವರ ಹಿರಿಯರು ಕೊಂಕಣದ ಹಳ್ಳಿಗಳಲ್ಲಿ ಗಾಣ ಹಾಕಿ ಎಣ್ಣೆ ತೆಗೆಯುತ್ತಿದ್ದ ಜನ. ರೈಲು ಬಂದಾಗ ಗಾಣ ಬಿಟ್ಟು ರೈಲು ಹತ್ತಿದರು. ಗಾರ್ಡ್, ಫಿಟ್ಟರ್, ಆಸ್ಪತ್ರೆಯ ನರ್ಸ್ ಆಗಿ ಲೈನಿನುದ್ದಕ್ಕೂ ಚದುರಿದರು. ಕೆಲವರು ವಾಡಿಯಲ್ಲಿ ಇಳಿದರು. ಮನೆಯಲ್ಲಿ ಮರಾಠಿ, ಬಜಾರಿನಲ್ಲಿ ದಖನಿ, ಕಾಯಿಪಲ್ಲೆ ಮಾರುವವಳ ಜೊತೆ ಕನ್ನಡ, ದೇವರೊಂದಿಗೆ ಮಾತ್ರ ಹೀಬ್ರೂ. ಪ್ರಾರ್ಥನೆಗೆ ಕಟ್ಟಡ ಕಟ್ಟಲಿಲ್ಲ. ಒಬ್ಬ ಗಾರ್ಡ್ ಸಾಹೇಬರ ಕ್ವಾರ್ಟರ್ಸಿನ ಮುಂದಿನ ಕೋಣೆಯೇ ಅವರ ದೇವಾಲಯ. ಶುಕ್ರವಾರ ಹೊತ್ತು ಮುಳುಗಿದರೆ ಶನಿವಾರ ಹೊತ್ತು ಮುಳುಗುವ ತನಕ ಅವರು ಬೆಂಕಿ ಹಚ್ಚುತ್ತಿರಲಿಲ್ಲ. ರೈಲ್ವೆಯವರು ಶನಿವಾರ ರಜೆ ಕೊಡಲಿಲ್ಲವಾದ್ದರಿಂದ ಗಾರ್ಡ್ ಸಾಹೇಬರು ಶನಿವಾರವೂ ಹಸಿರು ಬಾವುಟ ತೋರಿಸಿ ಗಾಡಿ ಓಡಿಸುತ್ತಿದ್ದರು. ಆದರೆ ಮನೆಗೆ ಬಂದ ಮೇಲೆ ಒಲೆ ಮುಟ್ಟುತ್ತಿರಲಿಲ್ಲ. ಊರಿಗೆ ಇದು ಭಾರಿ ನಗೆಯ ವಿಷಯವಾಗಿತ್ತಂತೆ: ಅಷ್ಟು ದೊಡ್ಡ ಇಂಜಿನ್ನಿನ ಬೆಂಕಿ ನಡೆಯುತ್ತದೆ, ಬೀಡಿಯ ಬೆಂಕಿ ನಡೆಯುವುದಿಲ್ಲ.

ನಕ್ಕ ಅದೇ ಊರು ಮುಂದೆ ಏನು ಮಾಡಿತೆಂದು ಕೇಳಿ. ಗಾರ್ಡ್ ಸಾಹೇಬರ ಮನೆಯ ಬಾಗಿಲ ಬಲಗಡೆಯ ಚೌಕಟ್ಟಿಗೆ, ಭುಜದೆತ್ತರದಲ್ಲಿ, ಬೆರಳುದ್ದದ ಒಂದು ಹಿತ್ತಾಳೆ ಕೊಳವೆ ಬಡಿದಿತ್ತು. ಡ್ಯೂಟಿಗೆ ಹೋಗುವಾಗ, ಬರುವಾಗ ಅವರು ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದರು. ಅವರ ಗಾಡಿಗೆ ಒಂದು ಸಲವೂ ಅಪಘಾತವಾಗಲಿಲ್ಲ. ಊರ ಬುದ್ಧಿವಂತರು ಕೂಡಿಸಿ ನೋಡಿದರು. ಶನಿವಾರ ಒಲೆ ಹಚ್ಚುವುದಿಲ್ಲ. ಹಿರಿಯರು ಎಣ್ಣೆಯವರು. ಬಾಗಿಲಲ್ಲಿ ಏನೋ ಇದೆ, ಅದು ಕಾಯುತ್ತದೆ. ಇವರು ಶನಿದೇವರ ಒಕ್ಕಲು! ಮೊದಲು ಒಬ್ಬ ಪಾಯಿಂಟ್ಸ್‌ಮನ್ ತನಗೆ ಸಾಡೇಸಾತಿ ನಡೆದಿದೆಯೆಂದು, ಯಾರೂ ಇಲ್ಲದ ಹೊತ್ತು ನೋಡಿ, ಒಂದು ಚಮಚ ಎಳ್ಳೆಣ್ಣೆ ತಂದು ಆ ಕೊಳವೆಗೆ ಸವರಿ ಹೋದ. ಅವನಿಗೆ ಮುಂದಿನ ವಾರವೇ ಬಡ್ತಿ ಬಂತು. ಆಮೇಲೆ ಕೇಳಬೇಕೆ? ಆ ಪಾಯಿಂಟ್ಸ್‌ಮನ್ ಯಾರೆಂದರೆ ನನ್ನ ಸ್ವಂತ ಮುತ್ಯಾ, ಅಪ್ಪನ ತಂದೆ. ಬೇರೆಯವರನ್ನು ಬೈಯುವ ಮೊದಲು ಅಷ್ಟು ಒಪ್ಪಿಕೊಂಡುಬಿಡುತ್ತೇನೆ.

ಗಾರ್ಡ್ ಸಾಹೇಬರು ನಿವೃತ್ತರಾಗಿ ಶಹಾಬಾದಿಗೆ ಬಾಡಿಗೆ ಮನೆಗೆ ಹೋದಾಗ ಆ ಕ್ವಾರ್ಟರ್ಸು ಅವರ ಅಣ್ಣನ ಮಗನಿಗೆ ಸಿಗುವುದೆಂದಿತ್ತು. ಹಾಗಾಗಿ ಕೊಳವೆ ಬಿಚ್ಚಲಿಲ್ಲ. ಆದರೆ ಆ ಹುಡುಗನಿಗೆ ವರ್ಗವಾಯಿತು, ಮನೆ ನನ್ನ ಮುತ್ಯಾನಿಗೂ ಆಮೇಲೆ ರೈಲ್ವೆ ಸೇರಿದ ನನ್ನ ಅಪ್ಪನಿಗೂ ಸಿಕ್ಕಿತು, ಬಾಗಿಲಿನ ದೇವರು ನನ್ನ ಆಯಿಯ ಕೈಗೆ ಬಿದ್ದ. ಆಯಿ ಎಂದರೆ ನಮ್ಮಲ್ಲಿ ಅಪ್ಪನ ತಾಯಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಶನಿ, ಮಂಗಳ ಎಲ್ಲ ನಮಗಿಲ್ಲ, ನಮಗೆ ಇರುವವನು ಒಬ್ಬನೇ ಎಂದು ದಿನಕ್ಕೆರಡು ಸಲ ಹೇಳುವವಳು. ಅದೇ ಆಯಿ ಪ್ರತಿ ಶನಿವಾರ ಮುಂಜಾನೆ ಬಾಗಿಲಲ್ಲಿ ಮಣೆ ಹಾಕಿ ಕೂತು, ಎಣ್ಣೆ ತಂದವರಿಗೆಲ್ಲ "ಸಾವಕಾಶ ಹಾಕ್ರಿ, ಹೊಸ್ತಲಕ್ಕ ಸುರೀಬ್ಯಾಡ್ರಿ" ಎಂದು ಹುಕುಂ ಕೊಡುತ್ತಿದ್ದಳು. ನಾನು ಕಣ್ಣು ಬಿಟ್ಟಾಗಿನಿಂದ ಆ ಚೌಕಟ್ಟು ಎಣ್ಣೆ ಕುಡಿದು, ಧೂಳು ತಿಂದು, ಮೊಣಕೈಯಷ್ಟು ದಪ್ಪ ಕರೀ ಹೆಂಟೆಯಾಗಿತ್ತು. ಒಳಗೆ ಏನಿದೆಯೆಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಆತುರವೂ ಯಾರಿಗೂ ಇರಲಿಲ್ಲ.

ಗಾರ್ಡ್ ಸಾಹೇಬರ ಮಗಳು ಇನ್ನೂ ಶಹಾಬಾದಿನಲ್ಲೇ ಇದ್ದಾಳೆ, ಆ ಸಮುದಾಯದ ಕೊನೆಯ ತಲೆ. ಎಂಬತ್ತರ ಹೆಂಗಸು, ನಿವೃತ್ತ ನರ್ಸು, ಮದುವೆಯಾಗಲಿಲ್ಲ. ಎಲ್ಲರಿಗೂ ಮೌಶಿ, ಅಂದರೆ ಚಿಕ್ಕವ್ವ. ನನ್ನ ಎರಡು ಪುಟಕ್ಕಾಗಿ ನಾನು ಹೋದಾಗ ಆಕೆ ಫರಸಿಕಲ್ಲಿನ ಕಟ್ಟೆಯ ಮೇಲೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಳು.

"ಯಾರ ಪೈಕಿ ನೀ?"

ಹೇಳಿದೆ.

"ಒಲಿ ಹಚ್ಚೋ ವೈನಿ ಮೊಮ್ಮಗಾ? ಹೌದು ಬಿಡು, ಮೂಗು ಅದೇ ಅದ. ಮುಖದಾಗ ಮೊದಲು ಮೂಗು ಬರ್ತದ, ಹಿಂದಿಂದ ಮನಷ್ಯಾ ಬರ್ತಾನ. ಕುಂದ್ರು."

ಒಲೆ ಹಚ್ಚುವ ವೈನಿ, ಅಂದರೆ ಅತ್ತಿಗೆ, ನನ್ನ ಆಯಿಯೇ. ಹೊಸ ಸೊಸೆಯಾಗಿ ಪಕ್ಕದ ಕ್ವಾರ್ಟರ್ಸಿಗೆ ಬಂದಾಗಿನಿಂದ ಪ್ರತಿ ಶನಿವಾರ ಗಾರ್ಡ್ ಸಾಹೇಬರ ಮನೆಗೆ ಹೋಗಿ ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟು ಬರುತ್ತಿದ್ದವಳು ಅವಳೇ. ಅವರು ಶಹಾಬಾದಿಗೆ ಹೋದ ಮೇಲೂ, ಎಣ್ಣೆಯವರನ್ನು ಕಳಿಸಿ, ಗಾಡಿ ಹತ್ತಿ ಹೋಗಿ ಹಚ್ಚಿ ಬರುತ್ತಿದ್ದಳಂತೆ. ಇದನ್ನು ಆಯಿ ನಮಗೆ ಎಂದೂ ಹೇಳಿರಲಿಲ್ಲ.

"ಮೌಶಿ, ನಿಮ್ಮ ಸಮುದಾಯದ ಇತಿಹಾಸ ಬರೀಲಿಕತ್ತೀನ್ರಿ."

"ಎಷ್ಟು ಪುಟ?"

"ಎರಡು."

"ಭಾಳ ಆಯ್ತು. ಬಂದ್ವಿ, ಗಾಡಿ ಓಡಿಸಿದ್ವಿ, ಹೋದ್ವಿ. ಮೂರು ಮಾತು. ಉಳಿದ ಜಾಗಾದಾಗ ನಿಮ್ಮ ಅಧ್ಯಕ್ಷರ ಫೋಟೋ ಹಾಕ್ರಿ."

ಅಧ್ಯಕ್ಷರ ಕೆಮ್ಮು ಕೆಮ್ಮಿ ತೋರಿಸಿದೆ. ನಗಲಿಲ್ಲ. "ನಮ್ಮ ಅಪ್ಪನ್ನ ಹಿಂಗೇ ಅಣಕಿಸ್ತಿದ್ರು ನಿಮ್ಮೂರ ಮಂದಿ," ಎಂದಳು. "ಪ್ರಾರ್ಥನಿ ಕೇಳಿ ಕಿಡಕ್ಯಾಗ ನಿಂತು ಹೋ ಹೋ ಅಂತಿದ್ರು. ನಿಂದು ಹೊಸಾದೇನಲ್ಲ."

ಅದಾದ ಮೇಲೆ ತಾನೇ ಬಾಯಿ ಬಿಟ್ಟಳು. ಅವರ ಕೆಲವು ಪ್ರಾರ್ಥನೆಗಳಿಗೆ ಹತ್ತು ಗಂಡಸರು ಬೇಕೇ ಬೇಕು. ಒಂಬತ್ತಿದ್ದರೆ ದೇವರು ಬಾಗಿಲು ತೆರೆಯುವುದಿಲ್ಲ. ವಾಡಿಯಲ್ಲಿ ಯಾವಾಗಲೂ ಒಬ್ಬ ಕಡಿಮೆ. ಹತ್ತನೆಯವನು ಸೋಲಾಪುರ ಪ್ಯಾಸೆಂಜರಿನಲ್ಲಿ ಬರಬೇಕು. ಗಾಡಿ ಔಟರಿನಲ್ಲಿ ನಿಂತರೆ ದೇವರೂ ಅಲ್ಲೇ ನಿಲ್ಲಬೇಕು. "ಅಪ್ಪ ಸತ್ತ ದಿನಾನೂ ಒಂಬತ್ತೇ ಮಂದಿ," ಎಂದಳು. "ಗಾಡಿ ಬರ್ತದ ಬರ್ತದ ಅಂತ ಕುಂತ್ವಿ. ಹೊತ್ತು ಮುಳುಗಾಕ ಬಂತು. ಹೇಳಬೇಕಾದ ಪ್ರಾರ್ಥನಿ ಹೇಳದನಾ ಮಣ್ಣು ಕೊಟ್ವಿ. ಆಯುಷ್ಯ ಪೂರಾ ಗಾಡಿ ಟೈಮಿಗೆ ಓಡಿಸಿದ ಮನಷ್ಯಾ."

ಬಳ್ಳೊಳ್ಳಿ ಬುಟ್ಟಿ ಬದಿಗಿಟ್ಟಳು. "ನಿನ್ನ ಎರಡು ಪುಟ ನನಗ ಬ್ಯಾಡ. ಒಂದು ಕೆಲಸ ಮಾಡು. ನಿಮ್ಮ ಬಾಗಲಾಗಿಂದ ಅದನ್ನ ತಂದು ಕೊಡು. ಕ್ವಾರ್ಟರ್ಸ್ ಕೆಡವತಾರಂತ ಕೇಳೀನಿ."

ನಿಜ. ಆ ಸಾಲು ವಾಸಕ್ಕೆ ತಕ್ಕದ್ದಲ್ಲವೆಂದು ನಮಗೆಲ್ಲ ಹೊಸ ಕ್ವಾರ್ಟರ್ಸು ಕೊಟ್ಟಿದ್ದರು. ಬರುವ ಸೋಮವಾರವೇ ಜೆಸಿಬಿ ಬರುವುದಿತ್ತು.

"ಶನಿದೇವರನ್ನೇನ್ರಿ?"

"ಶನಿ ಅಲ್ಲೋ ಮಂಗ್ಯಾ! ಮೆಝುಝಾ ಅದು. ಒಳಗ ಚರ್ಮದ ಹಾಳಿ ಮ್ಯಾಲೆ ಕೈಲೆ ಬರ್ದ ದೇವರ ಮಾತು ಅದ. ದೇವರು ಒಬ್ಬನೇ ಅಂತ ಬರ್ದದ ಅದರಾಗ. ಅಂಥಾ ಬರಹ ಹಳೇದಾದ್ರ ಸುಡಬಾರದು, ಒಗೀಬಾರದು. ಮನಷ್ಯಾರ್ನ ಹೂಳಿದಂಗ ಹೂಳಬೇಕು. ಅಪ್ಪನ ಮಗ್ಗಲಾಗ ಹೂಳತೀನಿ. ಹಿಂದೊಮ್ಮೆ ಕೇಳಾಕ ಬಂದಿದ್ದೆ. ನಿಮ್ಮ ಆಯಿ ಏನಂದಳು ಗೊತ್ತದೇನು? ನನ್ನ ಮನಿ ದೇವರನ್ನ ಒಯ್ಯಾಕ ಬಂದಿಯೇನು ಅಂದಳು. ಅವತ್ತಿನಿಂದ ಮಾತಿಲ್ಲ."

ನಾನು ಎದ್ದು ಬರುವಾಗ ಲೆಕ್ಕ ಹಾಕಿದೆ. ಅವರದು ಒಬ್ಬನೇ ದೇವರು. ನಮ್ಮದೂ ಒಬ್ಬನೇ. ಎರಡು ಒಬ್ಬನೇ-ದೇವರ ಮನೆತನಗಳು ಸೇರಿ ಒಂದು ಬಾಗಿಲಲ್ಲಿ ಮೂರನೆಯವನಿಗೆ ಎಣ್ಣೆ ಹಾಕಿ ಸಾಕಿದ್ದವು. ಮನುಷ್ಯರ ಬುದ್ಧಿಯ ಬಗ್ಗೆ ನನಗಿದ್ದ ಅಷ್ಟಿಷ್ಟು ಗೌರವವೂ ಶಹಾಬಾದ ಸ್ಟೇಷನ್ನಿನಲ್ಲೇ ಇಳಿದುಹೋಯಿತು.

ತಂದುಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ನಾನು ನಾನಾಗುತ್ತಿರಲಿಲ್ಲ. ಮರುದಿನದ ಸಭೆಯಲ್ಲಿ ಎಲ್ಲರೂ ತಮ್ಮ ತಮ್ಮ ಶಾಸನ, ವೀರಗಲ್ಲುಗಳ ಬಗ್ಗೆ ಕೊಚ್ಚಿಕೊಳ್ಳುವಾಗ ನನಗೂ ಏನಾದರೂ ಬೇಕಲ್ಲ. "ನಮ್ಮ ಮನಿ ಬಾಗಲಾಗ ಭಾಳ ಹಳೇ ಹಿತ್ತಾಳಿ ಕೊಳವಿ ಅದರಿ, ಒಳಗ ಬರಹ ಅದಂತ್ರಿ," ಎಂದುಬಿಟ್ಟೆ.

ಸಭೆ ಎದ್ದು ಕೂತಿತು. ಅಧ್ಯಕ್ಷರು ಮೂರರ ಬದಲು ಐದು ಸಲ ಕೆಮ್ಮಿದರು. ಅವರ ಊರ ಹತ್ತಿರ ಮಳಖೇಡ ಇದೆಯಲ್ಲ, ಹಾಗಾಗಿ ಅವರಿಗೆ ಎಲ್ಲವೂ ರಾಷ್ಟ್ರಕೂಟರದು. "ತಾಮ್ರಪಟದ ಕರಂಡಕ ಅದು," ಎಂದರು. ಚಿತ್ತಾಪುರದವರ ತಾಲೂಕಿನಲ್ಲಿ ಸನ್ನತಿ ಇದೆ. ಅವರು "ಅಶೋಕನ ಕಾಲದ್ದಕ್ಕಿಂತ ಈಚಿನದಲ್ಲ" ಎಂದರು. ಶಹಾಬಾದದವರು ಕಲ್ಲಿನ ಗಣಿಯಲ್ಲಿ ಮದ್ದು ತುಂಬುವ ನಳಿಗೆ ಎಂದರು. ಚಿಂಚೋಳಿಯವರು ನಿದ್ದೆಯಲ್ಲಿದ್ದರು, ಎದ್ದು ನಿಜಾಮರದು ಎಂದರು. ಯಾರೊಬ್ಬರೂ ನೋಡಿರಲಿಲ್ಲ.

"ಯಹೂದಿಗಳದ್ರಿ ಅದು, ಮೆಝುಝಾ ಅಂತಾರ. ಮೌಶಿ ಹೂಳಬೇಕಂತಾಳ್ರಿ."

"ಆಕಿ ನರ್ಸ್ ಇದ್ದಾಕಿ. ಇತಿಹಾಸ ಆಕಿಗೇನು ತಿಳೀತದ?" ಎಂದರು ಅಧ್ಯಕ್ಷರು. "ಶನಿವಾರ ಬಂದು ಬಿಚ್ಚಿಸ್ತೀನಿ. ಪುಸ್ತಕದ ಬಿಡುಗಡೆ ದಿನ ವೇದಿಕೆ ಮ್ಯಾಲೆ, ಸಾಹೇಬರ ಕೈಲೆ ತೆಗಸೋಣ."

ಸಾಹೇಬರೆಂದರೆ ಮುಖ್ಯ ಅತಿಥಿ. ಹೀಗೆ ಮುದುಕಿಯೊಬ್ಬಳ ಕೊನೆಯ ಆಸೆಯನ್ನು ಒಂದು ಚಹಾದ ಸಭೆಯಲ್ಲಿ ಹರಾಜು ಹಾಕಿ ಮನೆಗೆ ಬಂದೆ. ಸೋಮವಾರ ಜೆಸಿಬಿ, ಅದಕ್ಕೂ ಮೊದಲು ಶನಿವಾರ ಅಧ್ಯಕ್ಷರ ಸ್ಕ್ರೂಡ್ರೈವರ್. ನನಗುಳಿದದ್ದು ಶುಕ್ರವಾರ.

ಕದ್ದು ಬಿಚ್ಚೋಣವೆಂದರೆ ಆಯಿ ಹಗಲೆಲ್ಲ ಹಳೇ ಮನೆಯ ಬಾಗಿಲಲ್ಲೇ ಕೂರುತ್ತಿದ್ದಳು. ಸಾಮಾನು ಹೊಸ ಮನೆಗೆ ಹೋಗಿದ್ದವು, ಆಯಿ ಹೋಗಿರಲಿಲ್ಲ. ಗುರುವಾರ ಎದುರು ಕೂತು ಎಲ್ಲ ಹೇಳಿದೆ. ಕೇಳಿಸಿಕೊಳ್ಳಲಿಲ್ಲ. ಕೊನೆಗೆ ನನ್ನ ಕಸುಬಿಗೆ ಇಳಿದೆ. ಸೊಂಟಕ್ಕೆ ಕೈಯಿಟ್ಟು, ಮೌಶಿಯಂತೆ ಗದ್ದ ಮೇಲೆತ್ತಿ, ಆಕೆಯ ದನಿಯಲ್ಲಿ, "ಅಪ್ಪನ ಮಗ್ಗಲಾಗ ಹೂಳತೀನಿ. ಹಿಂದೊಮ್ಮೆ ಕೇಳಾಕ ಬಂದಿದ್ದೆ" ಎಂದೆ.

ಆಯಿ ಸೆರಗು ಎಳೆದುಕೊಂಡಳು. "ನೀ ಕೇಳಾಕ ಬಂದಿದ್ದಿಲ್ಲ ಪೋರಿ, ಕಸಗೊಳ್ಳಾಕ ಬಂದಿದ್ದಿ," ಎಂದಳು. ನನಗಲ್ಲ, ಅವಳಿಗೆ. ಮರುಕ್ಷಣ ತಾನು ಯಾರೊಂದಿಗೆ ಮಾತಾಡುತ್ತಿದ್ದೇನೆಂದು ತಿಳಿದು ಪಕ್ಕದಲ್ಲಿದ್ದ ಇಕ್ಕಳ ಬೀಸಿದಳು. ಮೊಣಕಾಲಿಗೆ ಬಿತ್ತು. ಜಗತ್ತಿನಲ್ಲಿ ನನ್ನ ಕಲೆಗೆ ಸಿಕ್ಕ ಏಕೈಕ ಪ್ರಾಮಾಣಿಕ ವಿಮರ್ಶೆ.

"ಆಕಿ ಬಾಯಿ ನಿನ್ನ ಕಡೆ ಯಾಕ ಅದ?" ಎಂದಳು. "ಆಕಿಗೇ ಬಂದು ಕೇಳು ಅನ್ನು."

ಶುಕ್ರವಾರ ಮಧ್ಯಾಹ್ನ ಮೌಶಿಯನ್ನು ಗಾಡಿಯಲ್ಲಿ ಕರೆತಂದೆ. ಶಹಾಬಾದಿನಿಂದ ವಾಡಿ ಎಷ್ಟು ದೂರ? ದಾರಿಯುದ್ದಕ್ಕೂ ಆಕೆ ಹೊತ್ತು ಮುಳುಗುವುದರೊಳಗೆ ಮನೆ ಮುಟ್ಟಬೇಕೆಂದು ಕಿಟಕಿಯಿಂದ ಸೂರ್ಯನನ್ನು ಗದರಿಸುತ್ತ ಬಂದಳು. ಹಳೇ ಬಾಗಿಲ ಮುಂದೆ ನಿಂತಾಗ ಆಕೆಯ ಕೈ ಕೇಳದೆಯೇ ಬಲ ಚೌಕಟ್ಟಿಗೆ ಹೋಯಿತು, ಅಂಟಿಕೊಂಡಿತು. ಬೆರಳು ನೋಡಿಕೊಂಡಳು. ಈ ಸಲ ಮುತ್ತಿಡಲಿಲ್ಲ.

"ವೈನಿ, ಇದು ಬಾಗಲಾ, ಭಜಿ ಕರಿಯೋ ಬಾಣಲಿಯಾ?"

ಅಷ್ಟು ವರ್ಷಗಳ ಮೇಲೆ ಮೊದಲ ಮಾತು ಅದು.

"ನಿಮ್ಮಪ್ಪ ಬಿಟ್ಟು ಹೋದ ದೇವರನ್ನ ನಾ ಒಂದಿನ ಉಪಾಸ ಕೆಡವಿಲ್ಲ," ಎಂದಳು ಆಯಿ ಕೂತಲ್ಲಿಂದಲೇ. "ನೀ ಇದ್ರ ಇಷ್ಟು ಮಾಡ್ತಿದ್ದೇನು?"

"ನಮ್ಮ ದೇವರು ಎಣ್ಣಿ ಕೇಳಂಗಿಲ್ಲ."

"ಕೇಳಂಗಿಲ್ಲಂತ ಕೊಡಬಾರದೇನು?"

"ಕೊಂಕಣದಾಗ ನಮ್ಮ ಮಂದಿ ಶನಿವಾರ ಗಾಣ ನಿಲ್ಲಸ್ತಿದ್ರು ವೈನಿ. ಆ ಒಂದಿನ ಎಣ್ಣಿ ಮುಟ್ಟತಿದ್ದಿಲ್ಲ. ಹುಡುಕಿ ಹುಡುಕಿ ಅದೇ ದಿನ ಎಣ್ಣಿ ಹಾಕೀರಿ."

"ಅವಲಕ್ಕಿ ಕಲಸಿ ಮಲೀದಾ ಪ್ರಸಾದ ಅಂತ ಹಂಚೋ ಮಂದಿ ನೀವು. ನಿಮಗ ನಾ ಏನು ತಿಳಿಸಿ ಹೇಳಲಿ?"

ಹೀಗೇ ನಡೆಯಿತು. ಮಲೀದಾಕ್ಕೆ ಚಪಾತಿ ಬೇಕೋ ಅವಲಕ್ಕಿ ಬೇಕೋ, ಗಾರ್ಡ್ ಸಾಹೇಬರ ಮದುವೆಯ ಕೋಟು ಕರಿಯದೋ ಕಂದೋ, ಎಲ್ಲ ಬಂತು. ಕೊಳವೆಯ ಮಾತೊಂದೇ ಬರಲಿಲ್ಲ. ನನಗೆ ಅಧ್ಯಕ್ಷರ ಸಭೆಯೇ ವಾಸಿ ಅನ್ನಿಸಿತು. ಅಲ್ಲಿ ಚಹಾವಾದರೂ ಬರುತ್ತದೆ ಎಂದು ಗೊಣಗಿದೆ. ಚಹಾ ಎಂದ ಕೂಡಲೇ ಆಯಿಗೂ ಏನೋ ಹೊಳೆದಂತಿತ್ತು.

"ಶನಿವಾರ ನಿನಗ ಒಲಿ ಯಾರು ಹಚ್ಚತಾರ ಈಗ?"

"ಯಾರೂ ಇಲ್ಲ. ಶುಕ್ರವಾರ ಮಾಡಿದ್ದು ಆರಿದ್ದೇ ಉಣ್ಣತೀನಿ."

"ಚಹಾ?"

"ಇಲ್ಲ."

"ನಾವು ಮಾತು ಬಿಟ್ಟಾಗಿಂದ?"

"ನೀವು ಬರೋದು ಬಿಟ್ರಿ. ಮತ್ತ್ಯಾರಿಗೂ ಕೇಳಲಿಲ್ಲ."

 ಶನಿವಾರಕ್ಕೊಂದರಂತೆ ಅಷ್ಟು ವರ್ಷಗಳ ಚಹಾವನ್ನು ಆಯಿ ಮನಸ್ಸಿನಲ್ಲೇ ಸಾಲಾಗಿ ಇಡುತ್ತಿದ್ದಳೆಂದು ಕಾಣುತ್ತದೆ. ಆಮೇಲೆ ನನ್ನ ಕಡೆ ತಿರುಗಿ, "ಏನು ನೋಡ್ತಿ? ಖುರಪಿ ತಾ," ಎಂದಳು.

ಹುಲ್ಲು ಕೀಳುವ ಖುರಪಿಯಿಂದ ತಾನೇ ಕೆರೆದಳು. ಕರೀ ಹೆಂಟೆ ಹಳೇ ಬೆಲ್ಲದಂತೆ ಚಕ್ಕೆ ಚಕ್ಕೆಯಾಗಿ ಉದುರಿತು. ಒಳಗಿನ ಕೊಳವೆ ಹಸಿರು ತಿರುಗಿತ್ತು, ಸಣ್ಣದಿತ್ತು. ಇಷ್ಟು ಸಣ್ಣದ್ದಕ್ಕೆ ಅಷ್ಟು ಎಣ್ಣೆಯೇ ಎಂದು ನನಗೆ ನಗು ಬಂತು, ನಗಲಿಲ್ಲ. ಮೌಶಿ ಅದನ್ನು ತೆರೆಯಲಿಲ್ಲ. ಬಿಳಿ ಕರವಸ್ತ್ರದಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡಳು.

"ತೆಗೆದು ನೋಡ್ರಿ ಮೌಶಿ, ಬರಹ ಉಳದದೋ ಇಲ್ಲೋ."

"ಉಳದಿದ್ರ ನಾ ಓದತೀನೇನು? ನನಗ ಬಾಯಿಪಾಠ ಅಷ್ಟೇ ಬರ್ತದ, ಅಕ್ಷರ ಬರಂಗಿಲ್ಲ. ಉಳದಿಲ್ಲಾಂದ್ರ ನೋಡಿ ಏನು ಮಾಡ್ಲಿ?"

ಆಕೆಯನ್ನು ಹಿಂದಿರುಗುವ ಗಾಡಿಗೆ ಹತ್ತಿಸಿ ಬರುವಷ್ಟರಲ್ಲಿ ಆಯಿ ಚೌಕಟ್ಟಿನ ಮುಂದೆ ಸುತ್ತಿಗೆ ಹಿಡಿದು ನಿಂತಿದ್ದಳು. "ನಾಳೆ ಎಣ್ಣಿ ಮಂದಿ ಬರ್ತಾರ. ನಿಮ್ಮ ಕೆಮ್ಮಿನ ಮಾಸ್ತರನೂ ಬರ್ತಾನ. ಖಾಲಿ ಕೈಲೆ ಕಳಿಸಬಾರದು," ಎಂದಳು. ಮುತ್ಯಾನ ಹಿತ್ತಾಳೆಯ ಸುಣ್ಣದ ಡಬ್ಬಿ, ತಂಬಾಕಿಗೆ ಸುಣ್ಣ ತೀಡಿಕೊಳ್ಳುತ್ತಿದ್ದದ್ದು, ಬೆರಳುದ್ದದ್ದು, ಅದನ್ನು ಅದೇ ಜಾಗಕ್ಕೆ ಬಡಿದು, ಉದುರಿದ ಹೆಂಟೆಯನ್ನು ಎಣ್ಣೆಯಲ್ಲಿ ಕಲಸಿ ಮೇಲೆ ಮೆತ್ತಿದಳು. ಹೂರಣಕ್ಕೆ ಕಣಕ ಸುತ್ತುವಷ್ಟು ಸಲೀಸು. ಈ ಮನೆಯಲ್ಲಿ ನಾನೇ ಬೇಷ್ ನಕಲುಗಾರ ಎಂದುಕೊಂಡಿದ್ದೆ.

ಶನಿವಾರ ಅಧ್ಯಕ್ಷರು ಫೋಟೋಗ್ರಾಫರನೊಂದಿಗೆ ಬಂದರು. ಎಣ್ಣೆ ಹಿಡಿದು ಸಾಲಾಗಿ ನಿಂತವರ ನಡುವೆ ನುಗ್ಗಿ, ಚೌಕಟ್ಟಿಗೆ ಕಿವಿಯಿಟ್ಟು, ಕೆಮ್ಮಿ, "ಐತಿಹಾಸಿಕವಾಗಿ ನೋಡಿದರ ಎಂಟನೇ ಶತಮಾನದ ಈಚಿಗೆ ಬರಂಗಿಲ್ಲ" ಎಂದರು. ಆಯಿ ಗಂಭೀರವಾಗಿ, "ಅದಕ್ಕಿಂತ ಸ್ವಲ್ಪ ಈಚಿಗಿರಬೇಕ್ರಿ ಮಾಸ್ತರ್ರ" ಎಂದಳು. "ನಿಮಗ ತಿಳಿಯಂಗಿಲ್ಲ ಅವ್ವಾರ," ಎಂದು ಅಧ್ಯಕ್ಷರು ಹೆಂಟೆ ಸಮೇತ ಅದನ್ನು ಬಿಚ್ಚಿಸಿ ಒಯ್ದರು.

ಚಿತ್ತಾಪುರದಲ್ಲಿ ನಡೆದ ಪುಸ್ತಕ ಬಿಡುಗಡೆಯ ಸಮಾರಂಭದಲ್ಲಿ, ಶಾಲು ಹಾರಗಳ ನಡುವೆ, ಸಾಹೇಬರು ಡಬ್ಬಿ ತೆಗೆದರು. ಒಳಗೆ ಗಟ್ಟಿಯಾದ ಬಿಳೀ ಪುಡಿ. ಸಭೆ ಉಸಿರು ಹಿಡಿಯಿತು. "ಭಸ್ಮ! ರಾಷ್ಟ್ರಕೂಟ ಚಕ್ರವರ್ತಿಗಳು ಧರಿಸಿದ ಭಸ್ಮ!" ಎಂದು ಅಧ್ಯಕ್ಷರು ಸಾಹೇಬರ ಹಣೆಗೂ ತಮ್ಮ ಹಣೆಗೂ ಬಳಿದರು. ನನ್ನ ಮುತ್ಯಾ ತಂಬಾಕಿಗೆ ತಿಕ್ಕಿ ಉಳಿಸಿದ ಸುಣ್ಣ. ಬೆವರು ಹತ್ತಿ ಹಣೆ ಉರಿಯತೊಡಗಿದಾಗ ಸಾಹೇಬರು ಅದನ್ನು ದೈವಶಕ್ತಿ ಎಂದುಕೊಂಡು ಕಣ್ಣು ಮುಚ್ಚಿದರು. ಈಗ ಆ ಡಬ್ಬಿ ಗಾಜಿನ ಪೆಟ್ಟಿಗೆಯಲ್ಲಿದೆ. ಪುಸ್ತಕದಲ್ಲಿ ಅದರ ಬಣ್ಣದ ಚಿತ್ರಕ್ಕೆ ಇಡೀ ಪುಟ ಬೇಕಾಯಿತಾದ್ದರಿಂದ ನನ್ನ ಎರಡು ಪುಟ ಒಂದು ಸಾಲಾಯಿತು: 'ವಾಡಿಯಲ್ಲಿ ಇತರೆ ಕೆಲವು ಜನಾಂಗದವರೂ ಇದ್ದರು.' ಅಷ್ಟೇ. ನಿಜ ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಲೇಖಕರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಒಂದು ಸಾಲಿಗೆ ಒಂದು ಹೆಸರು.

ಇದೆಲ್ಲ ಆಮೇಲಿನದು. ಜೆಸಿಬಿ ಬರುವ ಮುಂಚಿನ ಭಾನುವಾರ ನಾನು ಮೌಶಿಯೊಂದಿಗೆ ಸ್ಮಶಾನದಲ್ಲಿದ್ದೆ. ವಾಡಿಯ ಹೊರಗೆ ರೈಲು ಹಳಿಯ ಪಕ್ಕದ ಹಳೇ ಕ್ರಿಶ್ಚಿಯನ್ ಸ್ಮಶಾನದ ಒಂದು ಮೂಲೆ ಅವರದು. ಜಾಲಿ ಗಿಡ, ಫರಸಿ ಚಪ್ಪಡಿಗಳು, ಅವುಗಳ ಮೇಲೆ ಮರಾಠಿ ಮತ್ತು ಯಾರೂ ಓದಲಾಗದ ಅಕ್ಷರಗಳು. ಆಯಿ ಬರಲಿಲ್ಲ. ಹೆಂಗಸರು ಸ್ಮಶಾನಕ್ಕೆ ಹೋಗುವುದು ತನಗೆ ಸರಿಬರುವುದಿಲ್ಲವೆಂದು ಹೇಳಿ, ಫ್ಲಾಸ್ಕಿನಲ್ಲಿ ಚಹಾ ಕೊಟ್ಟು ಕಳಿಸಿದ್ದಳು. ಶನಿವಾರದ್ದೆಂದು ಹೇಳಬೇಕಂತೆ, ಒಂದು ದಿನ ತಡವಾಗಿದೆಯಂತೆ.

ಗಾರ್ಡ್ ಸಾಹೇಬರ ಚಪ್ಪಡಿಯ ಪಕ್ಕ ನಾನು ಮೊಣಕೈಯಾಳದ ಕುಣಿ ತೋಡಿದೆ. ಮೌಶಿ ಕರವಸ್ತ್ರದ ಗಂಟನ್ನು ಇಳಿಸಿ ಮಣ್ಣು ಮುಚ್ಚಿದಳು. ಕೆಲಸ ಮುಗಿಯಿತೆಂದು ನಾನು ಕೈ ಕೊಡವಿಕೊಂಡೆ. ಆಕೆ ಕದಲಲಿಲ್ಲ, ಕೋಲಿನಿಂದ ಚಪ್ಪಡಿಗಳನ್ನು ಒಂದೊಂದಾಗಿ ತೋರಿಸುತ್ತ ಏನೋ ಎಣಿಸತೊಡಗಿದಳು.

"ಅಪ್ಪನ್ನ ಹಿಡಕೊಂಡು ಗಂಡಸರು ಒಂಬತ್ತು," ಎಂದಳು. "ಅವತ್ತೂ ಒಂಬತ್ತು, ಇವತ್ತೂ ಒಂಬತ್ತು."

"ಸತ್ತವರು ಲೆಕ್ಕಕ್ಕ ಬರ್ತಾರೇನ್ರಿ ಮೌಶಿ?"

"ಜೀವಂತ ಇದ್ದಾಗ ಅರ್ಧ ಮಂದಿ ನಿದ್ದಿಗಣ್ಣಾಗೇ ಪ್ರಾರ್ಥನಿ ಮಾಡ್ತಿದ್ರು. ಈಗೇನು ಭಾಳ ಫರಕ್ ಇಲ್ಲ."

"ಹಂಗಾರ ನಾ ಅದೀನಲ್ಲ, ಹತ್ತು ಆಯ್ತು."

"ನೀ ಯಾವ ಲೆಕ್ಕಕ್ಕ ಬರ್ತೀಯೋ?"

 ಆಕೆ ಅಪ್ಪನ ಚಪ್ಪಡಿಯ ಮೇಲೆ ಕೂತಳು. "ಪ್ಯಾಸೆಂಜರ್ ಬರಲಿ," ಎಂದಳು.

ಸೋಲಾಪುರ ಪ್ಯಾಸೆಂಜರ್ ಆ ದಿನವೂ ತಡ. ಬಿಸಿಲೇರಿತು. ಒಂದು ಗೂಡ್ಸ್ ಹೋಯಿತು, ಅದನ್ನು ಆಕೆ ನೋಡಲೂ ಇಲ್ಲ. ಫ್ಲಾಸ್ಕಿನ ಚಹಾ ಮುಚ್ಚಳಕ್ಕೆ ಸುರಿದುಕೊಂಡು, "ಸಕ್ಕರಿ ಜಾಸ್ತಿ ಹಾಕ್ಯಾಳ, ಮೊದಲಿನಂಗೇ" ಎಂದು ಬೈದು ಪೂರ್ತಿ ಕುಡಿದಳು. ಕೊನೆಗೆ ಗಾಡಿ ಬಂತು, ಬಂದು ನಮ್ಮೆದುರೇ ಔಟರಿನಲ್ಲಿ ನಿಂತಿತು. ಬಾಗಿಲಲ್ಲಿ ಲುಂಗಿಯವನೊಬ್ಬ ಗುಟ್ಕಾ ಉಗುಳಿ ನಮ್ಮನ್ನು ನೋಡಿದ. ಮೌಶಿ ಕೋಲೂರಿ ಎದ್ದಳು.

"ಅಂವ ಆಗ್ತಾನ," ಎಂದಳು.

"ಅಂವನಾ? ಅಂವ ನಮ್ಮ ನಾಲವಾರ ಕಡೆಯಂವ ಕಾಣ್ತಾನ್ರಿ."

"ನಮ್ಮವ ಅಲ್ಲಂತ ನೀ ಹೆಂಗ ಹೇಳ್ತಿ? ಗಾಡ್ಯಾಗ ಇದ್ದಾನಲ್ಲ. ಸುಮ್ಮನಿರು."

ಅಂದವಳೇ ಅಪ್ಪನ ಕಡೆ ತಿರುಗಿ ಶುರು ಮಾಡಿದಳು. ಅಪ್ಪನಿಗೆ ಬಾಕಿ ಉಳಿದಿದ್ದ ಉದ್ದದ ಪ್ರಾರ್ಥನೆ. ನಡುವೆ ಎರಡು ಕಡೆ ಮರೆತಳು, ಹಿಂದೆ ಹೋಗಿ ಮತ್ತೆ ಹಿಡಿದಳು. ನಾನು ಸಿಗ್ನಲ್ ಕಡೆಗೇ ನೋಡುತ್ತಿದ್ದೆ. ಅದು ಕೆಂಪಾಗಿಯೇ ಇತ್ತು. ಲುಂಗಿಯವನು ಯಾಕೋ ಬಾಗಿಲಿನಿಂದ ಕದಲಲಿಲ್ಲ. ಆಕೆ ಮುಗಿಸಿ ಕೋಲಿನಿಂದ ಮಣ್ಣು ತಟ್ಟಿದ ಮೇಲೆ ಹಸಿರಾಯಿತು.

ವಾಡಿ ಔಟರಿನಲ್ಲಿ ಗಾಡಿ ನಿಲ್ಲಿಸಿದವರನ್ನು ನಾನು ಬೈಯದೆ ಬಿಟ್ಟದ್ದು ಜೀವಮಾನದಲ್ಲಿ ಅದೊಂದೇ ಸಲ.